ಕಾಲುವೆಯ ತಲೆಭಾಗ ಎಲ್ಲಿದೆ?

ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳು. ಕಳಸದಲ್ಲಿ, ಭದ್ರೆಯ ದಡದಲ್ಲಿ, ಒಬ್ಬ ಬೆಳೆಗಾರರಿಗೂ ನಿವೃತ್ತ ಮೇಷ್ಟ್ರೊಬ್ಬರಿಗೂ ನಡೆದ ಸಂವಾದ.

ಬೆಳೆಗಾರರು: ಕಾಲುವೆಯ ಮಹತ್ವವನ್ನು ದಾವಣಗೆರೆಯಲ್ಲೋ ಮಂಡ್ಯದಲ್ಲೋ ಕೂತು ಮಾತಾಡಿದರೆ ಅರ್ಥವಿದೆ, ಮೇಷ್ಟ್ರೇ. ಕಳಸ, ಮೂಡಿಗೆರೆಯಲ್ಲಿ ಅದಕ್ಕೇನು ಕೆಲಸ? ನಮ್ಮದು ಇಳಿಜಾರಿನ ಬೇಸಾಯ. ಮೇಲೆ ಕಾಫಿ, ಮೆಣಸು. ಕೆಳಗೆ ಕಣಿವೆಯ ಜೌಗುನೆಲವಾದ ಹಡ್ಲಿನಲ್ಲಿ ಗದ್ದೆ, ಇಲ್ಲವೇ ಅಡಿಕೆ. ಮಳೆಗಾಲದಲ್ಲಿ ನೀರು ತರುವ ಚಿಂತೆಯಿಲ್ಲ, ಬಂದ ನೀರನ್ನು ಹೊರಗೆ ಸಾಗಿಸುವುದೇ ಚಿಂತೆ. ಅಡಿಕೆ ತೋಟದ ಬಸಿಗಾಲುವೆ ಬಿಟ್ಟರೆ ಇನ್ನೊಂದು ಕಾಲುವೆ ನಮಗೆ ಗೊತ್ತಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ತಪ್ಪಿದರೆ ಹಳ್ಳಕ್ಕೋ ಕೆರೆಗೋ ಪಂಪ್ ಇಟ್ಟು ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಯಿಸುತ್ತೇವೆ. ಹಡಗಿನ ಕಾಲುವೆಯಂತೂ ಇನ್ನೂ ದೂರದ ಮಾತು. ಸಮುದ್ರ ಇರುವುದೇ ಘಟ್ಟದ ಕೆಳಗೆ. ಕಾಲುವೆ ಬೇಕಾದವರು ಬಯಲುಸೀಮೆಯವರು. ನಮಗೆ ಬೇಕಾದದ್ದು ಹೊತ್ತಿಗೆ ಸರಿಯಾದ ಮಳೆ, ಒಳ್ಳೆಯ ದರ, ತೋಟದ ಕೆಲಸಕ್ಕೆ ಜನ.

ಮೇಷ್ಟ್ರು: ಇಲ್ಲಿ ತೋಡಿದ ಕಾಲುವೆ ಇಲ್ಲ ಎನ್ನುವುದು ನಿಜ, ಗೌಡರೇ. ಆದರೆ ಇಲ್ಲಿ ಹುಟ್ಟುವ ಹೊಳೆಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ನೋಡೋಣ. ಕಣ್ಣೆದುರಿನ ಈ ಭದ್ರೆ ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿ, ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿಯಲ್ಲಿ ನಿಲ್ಲುತ್ತಾಳೆ. 1965ರ ಹೊತ್ತಿಗೆ ಮುಗಿದ ಆ ಅಣೆಕಟ್ಟು 186 ಅಡಿ ತುಂಬಿತೆಂದರೆ 71.5 ಟಿಎಂಸಿ ನೀರು. ಅಲ್ಲಿಂದ ಹೊರಡುವ ಎಡದಂಡೆ, ಬಲದಂಡೆ ನಾಲೆಗಳು ತರೀಕೆರೆ, ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಕಡೆ ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರು ಕೊಡುತ್ತವೆ. ಮುಂದೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿದ ನೀರು ಹೊಸಪೇಟೆಯ ಜಲಾಶಯದಿಂದ ಕೊಪ್ಪಳ, ರಾಯಚೂರು, ಬಳ್ಳಾರಿಯ ಗದ್ದೆಗಳಿಗೆ ಹೋಗುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರನ್ನು ತುಂಬಿ ಹಾಸನ, ತುಮಕೂರು, ಮಂಡ್ಯದ ನಾಲೆಗಳಿಗಿಳಿಯುತ್ತಾಳೆ. ಬಾಬಾಬುಡನ್‌ಗಿರಿಯ ಮಗ್ಗುಲಿನ ನೀರು ಅಯ್ಯನಕೆರೆ, ಮದಗದಕೆರೆಗಳನ್ನು ಹಾದು ವೇದಾವತಿಯಾಗಿ ವಾಣಿ ವಿಲಾಸ ಸಾಗರವನ್ನು ಸೇರುತ್ತದೆ. ಆ ಅಣೆಕಟ್ಟು ಮುಗಿದದ್ದು 1907ರಲ್ಲಿ. ಅಚ್ಚುಕಟ್ಟಿನ ರೈತರ ಬಾಯಲ್ಲಿ ಕಾಲುವೆಗೆ ಎರಡು ತುದಿಗಳಿವೆ: ತಲೆಭಾಗ, ಕೊನೆಭಾಗ. ತಲೆಭಾಗವೆಂದರೆ ತೂಬಿನ ಹತ್ತಿರದ ಊರು ಎಂದೇ ಎಲ್ಲರ ಲೆಕ್ಕ. ಆ ಲೆಕ್ಕ ತಪ್ಪು ಎನ್ನುವುದೇ ನನ್ನ ವಾದ. ಕಾಲುವೆಯ ತಲೆಭಾಗ ಈ ಗುಡ್ಡಗಳಲ್ಲಿದೆ. ಅಷ್ಟೇ ಅಲ್ಲ, ನೀವು ಬೆಳೆಯುವ ಕಾಫಿಯ ಮಟ್ಟಿಗೆ ನೀವು ಇನ್ನೊಂದು ಕಾಲುವೆಯ ಕೊನೆಭಾಗದವರು.

ಬೆಳೆಗಾರರು: ನೀರಿನ ಮಾತು ಒಪ್ಪಿದೆ. ನಾನು ಕೊನೆಭಾಗದವನು ಎಂದದ್ದು ಹೇಗೆ?

ಮೇಷ್ಟ್ರು: ಭಾರತದ ಕಾಫಿಯಲ್ಲಿ ಸುಮಾರು ಮೂರನೇ ಎರಡು ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೊಡ್ಡ ಗಿರಾಕಿಗಳು. ಹಿಂದೆ ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಗಳಲ್ಲಿ ಕರಾವಳಿಗೆ ಇಳಿಯುತ್ತಿತ್ತು. ಮೈಸೂರು ಸೀಮೆಯ ಸರಕಿಗೆ ಬಂಟ್ವಾಳ ದೊಡ್ಡ ತಂಗುದಾಣ, ಅಲ್ಲಿಂದ ಮಂಗಳೂರಿಗೆ ನೇತ್ರಾವತಿಯೇ ದೋಣಿಯ ದಾರಿ. ಈಗ ಲಾರಿ, ಕ್ಯೂರಿಂಗ್ ವರ್ಕ್ಸ್, ಕಂಟೇನರ್, ಪಣಂಬೂರಿನ ಬಂದರು. ಆದರೆ ಬಂದರು ಬಿಟ್ಟ ಮೇಲೆ ಯುರೋಪಿನ ಮುಖ್ಯ ದಾರಿ 1869ರಿಂದ ಸೂಯೆಜ್ ಕಾಲುವೆಯೇ. ಈಗ 193 ಕಿಲೋಮೀಟರ್ ಉದ್ದವಿರುವ ಆ ಕಾಲುವೆ ತೆರೆದದ್ದರಿಂದ ಆಫ್ರಿಕಾ ಖಂಡವನ್ನೇ ಸುತ್ತಿ ಹೋಗುವುದು ತಪ್ಪಿತು. ಅದು ಮುಚ್ಚಿದಾಗ ಏನಾಗುತ್ತದೆ ಎನ್ನುವುದನ್ನೂ ಲೋಕ ನೋಡಿದೆ. 1967ರ ಯುದ್ಧದಲ್ಲಿ ಮುಚ್ಚಿದ್ದು ತೆರೆದದ್ದು 1975ರಲ್ಲಿ. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ಒಂದೇ ಹಡಗು ಅಡ್ಡ ಸಿಕ್ಕಿಕೊಂಡು ಆರು ದಿನ ಸಂಚಾರ ನಿಂತಿತು. 2023ರ ನವೆಂಬರಿನಲ್ಲಿ, ಸೂಯೆಜ್‌ಗೆ ದಾರಿಯಾದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ದೊಡ್ಡ ಹಡಗು ಕಂಪನಿಗಳು ಮತ್ತೆ ಗುಡ್‌ಹೋಪ್ ಭೂಶಿರದ ಹಳೆಯ ದಾರಿ ಹಿಡಿದವು. ಪ್ರಯಾಣಕ್ಕೆ ಹತ್ತು ಹದಿನೈದು ದಿನ ಹೆಚ್ಚು, ಬಾಡಿಗೆ ಹೆಚ್ಚು, ಖಾಲಿ ಕಂಟೇನರ್ ಸಿಗುವುದು ತಡ. ಭದ್ರಾ ನಾಲೆಯ ಕೊನೆಭಾಗದ ರೈತ ಯಾರೋ ಎಲ್ಲೋ ತೂಬು ಇಳಿಸಿದ್ದಕ್ಕೆ ತನ್ನ ಗದ್ದೆ ಒಣಗುವುದನ್ನು ನೋಡುತ್ತಾನೆ. ಕೆಂಪು ಸಮುದ್ರದ ಮುಂದೆ ಮೂಡಿಗೆರೆಯ ಬೆಳೆಗಾರನೂ ಹಾಗೆಯೇ. ಬಾಬಾ ಬುಡನ್ ಈ ಗುಡ್ಡಗಳಿಗೆ ಏಳು ಕಾಫಿ ಬೀಜ ತಂದದ್ದು ಯೆಮೆನ್ ದೇಶದ ಮೋಕಾದಿಂದ ಎಂದು ಪ್ರತೀತಿ. ಆ ಬಂದರು ಇರುವುದೂ ಅದೇ ಕೆಂಪು ಸಮುದ್ರದ ದಡದಲ್ಲಿ. ಬೀಜ ಬಂದ ಕಡಲಿನ ಹಂಗು ಬೆಳೆಗೆ ಇಂದೂ ತಪ್ಪಿಲ್ಲ.

ಬೆಳೆಗಾರರು: ಒಂದು ಆಕ್ಷೇಪಣೆ ಇದೆ. ಕೆಂಪು ಸಮುದ್ರದ ದಾರಿ ಕೆಟ್ಟ ಆ ದಿನಗಳಲ್ಲೇ ರೊಬಸ್ಟಾಕ್ಕೆ ಹಿಂದೆಂದೂ ಕಾಣದ ದರ ಬಂತು. ಕಾಲುವೆ ಅಷ್ಟು ಮುಖ್ಯವಾಗಿದ್ದರೆ ನಾವು ಮುಳುಗಬೇಕಿತ್ತು. ಅದೂ ಅಲ್ಲದೆ ಸೂಯೆಜ್ ಉಪ್ಪುನೀರಿನ ಕಾಲುವೆ, ಎರಡು ಸಮುದ್ರಗಳ ನಡುವಿನ ತೋಡು. ಭದ್ರಾ ನಾಲೆ ಸಿಹಿನೀರಿನದು, ಗದ್ದೆಯದು. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟುವುದು ಹೇಗೆ ಸರಿ?

ಮೇಷ್ಟ್ರು: ದರ ಏರಿದ್ದಕ್ಕೆ ಮುಖ್ಯ ಕಾರಣ ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬೆಳೆ ಕೈಕೊಟ್ಟದ್ದು. ವಿಯೆಟ್ನಾಮಿನ ಸರಕೂ ಅದೇ ಸುತ್ತುದಾರಿ ಹಿಡಿಯಬೇಕಾಗಿ ಯುರೋಪಿನಲ್ಲಿ ಅಭಾವ ಇನ್ನಷ್ಟು ಬಿಗಿಯಾಯಿತು. ದರ ಏರಿದಾಗ ಸಾಗಣೆಯ ನಷ್ಟ ಅದರ ಕೆಳಗೆ ಮುಚ್ಚಿಹೋಗುತ್ತದೆ. ದರ ಬಿದ್ದ ವರ್ಷ ಅದೇ ನಷ್ಟ ಎದ್ದು ಕಾಣುತ್ತದೆ, ಏಕೆಂದರೆ ಕೊಳ್ಳುವವರು ಬಾಡಿಗೆಯನ್ನು ಕಳೆದೇ ಮೂಟೆಗೆ ಬೆಲೆ ಕಟ್ಟುವುದು. ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಗದ್ದೆಯ ಕಾಲುವೆ, ಹಡಗಿನ ಕಾಲುವೆ ಎಂಬ ಭೇದ ಅಷ್ಟು ಗಟ್ಟಿಯಾದುದಲ್ಲ. ನಮ್ಮ ತುಂಗಭದ್ರೆಯ ನೀರನ್ನೇ ಕರ್ನೂಲಿನ ಹತ್ತಿರ ಸುಂಕೇಶುಲದಲ್ಲಿ ತಿರುಗಿಸಿ ಕಡಪದವರೆಗೆ ಒಯ್ದ ಕಾಲುವೆಯೊಂದಿದೆ. 1860ರ ದಶಕದಲ್ಲಿ ಮದರಾಸಿನ ಒಂದು ಖಾಸಗಿ ನೀರಾವರಿ ಕಂಪನಿ ಅದನ್ನು ತೋಡಿದ್ದು ಬೇಸಾಯ, ದೋಣಿ ಸಂಚಾರ ಎರಡಕ್ಕೂ. ಅದರ ಹಿಂದಿದ್ದ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಅವರದು ರೈಲಿಗಿಂತ ದೋಣಿಗಾಲುವೆಯೇ ಈ ದೇಶಕ್ಕೆ ಅಗ್ಗ ಎಂಬ ಹಟ. ಕಂಪನಿ ಸೋತಿತು, 1882ರಲ್ಲಿ ಸರ್ಕಾರ ಅದನ್ನು ಕೊಂಡಿತು. ಕ್ರಮೇಣ ದೋಣಿ ನಿಂತಿತು, ನೀರಾವರಿ ಉಳಿಯಿತು. ಕಳಸದ ಮಳೆಯೂ ಒಂದು ಪಾಲಾಗಿ ಹರಿದು ಆ ದೋಣಿಗಳನ್ನು ತೇಲಿಸಿದ ಕಾಲವೊಂದಿತ್ತು ಎನ್ನುವುದನ್ನು ನಾವು ಮರೆಯಬಾರದು.

ಇದಕ್ಕಿಂತ ದೊಡ್ಡ ಸಾಕ್ಷಿ 1914ರಲ್ಲಿ ತೆರೆದ ಪನಾಮಾ ಕಾಲುವೆ. ಅದು ಸೂಯೆಜ್‌ನಂತೆ ಸಮುದ್ರದ ಮಟ್ಟದ ತೋಡಲ್ಲ. ಗಾಟುನ್ ಎಂಬ ಎತ್ತರದ ಜಲಾಶಯಕ್ಕೆ ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಆಚೆ ಇಳಿಸುತ್ತಾರೆ. ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಬೇಕು, ಆ ನೀರು ಬರುವುದು ಸುತ್ತಲಿನ ಮಳೆಕಾಡಿನ ಹೊಳೆಗಳಿಂದ. 2023ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ದಿನಕ್ಕೆ 36ರಷ್ಟು ಹಡಗು ದಾಟುತ್ತಿದ್ದ ಕಾಲುವೆಯಲ್ಲಿ ಆ ಸಂಖ್ಯೆ 24ರ ಆಸುಪಾಸಿಗೆ ಇಳಿಯಿತು. ಅದೇ 2023ರ ಬರದಲ್ಲಿ ಭದ್ರಾ ಬಲದಂಡೆ ನಾಲೆಗೆ ನೀರು ಬಿಡುವ, ನಿಲ್ಲಿಸುವ ವಿಚಾರದಲ್ಲಿ ದಾವಣಗೆರೆ ಕಡೆಯ ಭತ್ತದ ರೈತರು ಬೀದಿಗಿಳಿದರು. ಪನಾಮಾದಲ್ಲಿ ಸಾಲುಗಟ್ಟಿ ಕಾದು ನಿಂತ ಹಡಗಿಗೂ ಆ ನಾಲೆಯ ಕೊನೆಭಾಗದ ಮಲೇಬೆನ್ನೂರಿನಲ್ಲಿ ಒಣಗಿದ ಸಸಿಗೂ ಕಾರಣ ಒಂದೇ. ಎರಡೂ ಕಡೆ ಗೋಡೆ ಗಟ್ಟಿಯಿತ್ತು, ಬಾಗಿಲು ಸರಿಯಿತ್ತು, ತಲೆಭಾಗದ ಬೆಟ್ಟದಲ್ಲಿ ನೀರಿರಲಿಲ್ಲ.

ಬೆಳೆಗಾರರು: ಮಳೆಯೇ ಬಾರದಿದ್ದರೆ ಬೆಟ್ಟ ಏನು ಮಾಡೀತು? ಕಾಡಿದ್ದರೆ ಮಳೆ ಎನ್ನುವುದನ್ನು ಶಾಲೆಯಲ್ಲಿ ನೀವೇ ಕಲಿಸಿದ್ದೀರಿ. ಆದರೆ ಮರ ನೀರನ್ನು ಕುಡಿಯುತ್ತದೆ ಎನ್ನುವುದೂ ತೋಟದವನಿಗೆ ಗೊತ್ತು. ಬೋಳುಗುಡ್ಡದಿಂದ ಹಳ್ಳಕ್ಕೆ ಇಳಿಯುವಷ್ಟು ನೀರು ಕಾಡುಗುಡ್ಡದಿಂದ ಇಳಿಯುವುದಿಲ್ಲ. ಹಾಗಿದ್ದಲ್ಲಿ ಕಾಲುವೆಗೆ ಕಾಡಿನಿಂದ ಲಾಭವೋ ನಷ್ಟವೋ?

ಮೇಷ್ಟ್ರು: ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಅರ್ಧ ಒಪ್ಪಿಗೆಯಿಂದಲೇ ಉತ್ತರ ಹೇಳಬೇಕು. ಮರ ನೀರು ಕುಡಿಯುತ್ತದೆ. ವರ್ಷದ ಒಟ್ಟು ನೀರಿನ ಲೆಕ್ಕ ಹಾಕಿದರೆ ಬೋಳುಗುಡ್ಡವೇ ಹೆಚ್ಚು ಇಳಿಸಬಹುದು. ಆದರೆ ಜುಲೈಯ ಒಂದು ವಾರದಲ್ಲಿ ನುಗ್ಗಿ ಬಂದ ನೆರೆಯನ್ನು ನಾಲೆಗೆ ಬಿಡಲಾಗದು. ತುಂಬಿದ ಅಣೆಕಟ್ಟಿನಿಂದ ಅದನ್ನು ಹೊಳೆಗೇ ಬಿಟ್ಟು ಕಳಿಸಬೇಕು. ಬೇಸಾಯಕ್ಕೆ ಬೇಕಾದದ್ದು ಮಳೆ ನಿಂತ ಮೇಲೂ ಡಿಸೆಂಬರ್, ಜನವರಿಯವರೆಗೆ ಬರುತ್ತಿರುವ ನೀರು. ಶೋಲಾ ಕಾಡಿನ ಮಣ್ಣು, ಹುಲ್ಲುಗಾವಲು, ತೋಟದ ತರಗೆಲೆಯ ಹಾಸು, ನೀವು ಗಿಡದ ಸಾಲಿನ ನಡುವೆ ತೆಗೆಯುವ ತೊಟ್ಟಿಲು ಗುಂಡಿ, ಕೆಳಗಿನ ಹಡ್ಲು, ಇವೆಲ್ಲ ಸೇರಿ ಮಳೆಯನ್ನು ಇಂಗಿಸಿ ಒರತೆಯಾಗಿ ನಿಧಾನಕ್ಕೆ ಬಿಡುತ್ತವೆ. ಲಕ್ಕವಳ್ಳಿಯ ಕಟ್ಟೆ ಕಲ್ಲು, ಗಾರೆಯಿಂದ ಮಾಡುವ ಕೆಲಸವನ್ನೇ ಈ ಗುಡ್ಡ ಬೇರು, ಮಣ್ಣಿನಿಂದ ಮಾಡುತ್ತದೆ.

ಎರಡನೆಯದು ಹೂಳು. ನೀರು ಒಂದು ವರ್ಷ ಕಡಿಮೆಯಾದರೆ ಮುಂದಿನ ವರ್ಷ ತುಂಬೀತು, ಹೂಳು ಒಮ್ಮೆ ಕೂತರೆ ಏಳುವುದಿಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105. ಹೂಳು ನುಂಗಿದ್ದು 27 ಟಿಎಂಸಿಗೂ ಹೆಚ್ಚು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿತ್ರದುರ್ಗ, ತುಮಕೂರಿನ ಕಡೆಗೆ ಒಯ್ಯಲು ಹಂಚಿಕೆಯಾದ ನೀರು 29.90 ಟಿಎಂಸಿ. ಹೆಚ್ಚುಕಡಿಮೆ ಅಷ್ಟೇ ನೀರಿನ ಜಾಗವನ್ನು ಒಂದೇ ಜಲಾಶಯದಲ್ಲಿ ಮಣ್ಣು ಆಕ್ರಮಿಸಿದೆ. ಆ ಹೂಳೆಲ್ಲ ಮಲೆನಾಡಿನದು ಎಂದು ನಾನು ಹೇಳುವುದಿಲ್ಲ. ಬಯಲಿನ ಹೊಲಗಳು, ಗಣಿಗಳು, ಬೇರೆ ಉಪನದಿಗಳು ಎಲ್ಲಕ್ಕೂ ಪಾಲಿದೆ. ಆದರೆ ತಲೆಭಾಗ ಸಡಿಲಾದರೆ ಏನಾದೀತು ಎಂದು ಈ ತಾಲ್ಲೂಕುಗಳೇ ಕಂಡಿವೆ. ಕುದುರೆಮುಖದಲ್ಲಿ 1980ರಿಂದ ಗುಡ್ಡ ಅಗೆದು ಅದಿರನ್ನು ಕೆಸರಾಗಿಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಹಡಗಿಗೆ ಕಳಿಸಿದರು. ಅದಿರು ಪಶ್ಚಿಮಕ್ಕೆ ಹೋಯಿತು, ಹೂಳು ಪೂರ್ವಕ್ಕೆ ಭದ್ರೆಗೆ ಇಳಿಯಿತು. ಸುಪ್ರೀಂ ಕೋರ್ಟಿನ ಮುಂದೆ ನಡೆದ ವಾದದಲ್ಲಿ ಈ ಹೂಳೂ ಒಂದು ಮುಖ್ಯ ವಿಷಯವಾಗಿತ್ತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜರಿದಾಗ ಮನೆ, ಗದ್ದೆ, ತೋಟಗಳ ಮೇಲೆ ಮಣ್ಣು ಕೂತಿತು, ಕರಾವಳಿಗೆ ಇಳಿಯುವ ಚಾರ್ಮಾಡಿ ಘಾಟಿಯೂ ಕುಸಿದು ಬಂದಾಯಿತು. ಕಾಫಿ ಹಡಗಿಗೆ ಹೋಗುವ ದಾರಿ, ನೀರು ಗದ್ದೆಗೆ ಹೋಗುವ ದಾರಿ, ಎರಡೂ ಒಂದೇ ಗುಡ್ಡದ ಮಣ್ಣನ್ನು ನಂಬಿಕೊಂಡಿವೆ.

ಬೆಳೆಗಾರರು: ಈಗ ಮನಸ್ಸಿನಲ್ಲಿರುವ ನೋವನ್ನೇ ಹೇಳುತ್ತೇನೆ. ಮಲೆನಾಡು ಯಾವಾಗಲೂ ಕೊಡುವ ಕೈ. ಲಕ್ಕವಳ್ಳಿಯ ಹಿನ್ನೀರಿನಲ್ಲಿ ಮುಳುಗಿದ್ದು ನಮ್ಮ ಕಡೆಯ ನೆಲ. ಭದ್ರಾ ಮೇಲ್ದಂಡೆಗೆ ತುಂಗೆಯಿಂದ 17.40 ಟಿಎಂಸಿ ನೀರೆತ್ತಲು ಅಗೆದದ್ದು ಇಲ್ಲಿನ ನೆಲವನ್ನೇ. ಸಕಲೇಶಪುರದ ಕಡೆ ಎತ್ತಿನಹೊಳೆಯ ನೀರನ್ನು ಕೋಲಾರದತ್ತ ತಿರುಗಿಸಲು ಕಾಡಿನಲ್ಲಿ ಕೊಳವೆ ಹೂತರು. ಇಷ್ಟೆಲ್ಲ ಒಯ್ದ ಮೇಲೂ ಮಣ್ಣಿನ ನಾಲೆಯಲ್ಲಿ ಸೋರಿ, ತಲೆಭಾಗದ ಗದ್ದೆಗೆ ಹೆಚ್ಚಾಗಿ, ಕೊನೆಭಾಗಕ್ಕೆ ಮುಟ್ಟದೆ ಹೋಗುವ ನೀರೆಷ್ಟು! ಹನಿ ನೀರಾವರಿ ಬಂದಿರುವ ಕಾಲದಲ್ಲಿ ಕಾಲುವೆಯನ್ನು ಹೊಗಳುವುದು ನ್ಯಾಯವೇ?

ಮೇಷ್ಟ್ರು: ನೋವು ನಿಜ, ಅದನ್ನು ಸಣ್ಣದು ಮಾಡುವುದಿಲ್ಲ. ಕಾಲುವೆ ಎಂದ ಕೂಡಲೇ ಎಲ್ಲವೂ ಒಳ್ಳೆಯದಾಗುವುದಿಲ್ಲ. ಹೊಳೆಯ ಹುಟ್ಟಿನ ಕಾಡನ್ನೇ ಸೀಳಿ ತೋಡುವ ಕಾಲುವೆ ತನ್ನ ತಲೆಭಾಗವನ್ನು ತಾನೇ ಕಡಿದುಕೊಳ್ಳುತ್ತದೆ. ಅಂಥದ್ದನ್ನು ಪ್ರಶ್ನಿಸುವುದು ಕಾಲುವೆಯ ವಿರೋಧವಲ್ಲ, ಕಾಲುವೆಯ ರಕ್ಷಣೆ. ಆದರೆ ನೀರು ಕೆಳಗೆ ಹೋಗುವುದೇ ಅನ್ಯಾಯ ಎನ್ನಲಾರೆವು. ಕಳಸದ ಅಂಗಡಿಯಲ್ಲಿ ನೀವು ಕೊಳ್ಳುವ ಅಕ್ಕಿ ಯಾವುದೋ ಅಚ್ಚುಕಟ್ಟಿನದು. ಗದ್ದೆಗೆ ಕೂಲಿ ಗಿಟ್ಟದೆಂದು ಇಲ್ಲಿನ ಹಡ್ಲುಗಳಲ್ಲಿ ಭತ್ತ ಬಿಟ್ಟು ಅಡಿಕೆ, ಕಾಫಿ ಹಾಕಿದವರು ಎಷ್ಟೋ ಜನ. ಕಾಫಿಯೊಂದನ್ನೇ ನಂಬಿ ಬದುಕಲು ಈ ಗುಡ್ಡಗಳಿಗೆ ಸಾಧ್ಯವಾದದ್ದು ಬಯಲಿನ ಕಾಲುವೆ ಅನ್ನ ಬೆಳೆದುಕೊಟ್ಟದ್ದರಿಂದ. ಸೋರಿಕೆಯ ಮಾತು ಸರಿ. ನಾಲೆಗೆ ಗಾರೆ, ಸರದಿಯಂತೆ ನೀರು, ನೀರುಗಂಟಿಗೆ ಬೆಂಬಲ, ನೀರು ಬಳಕೆದಾರರ ಸಂಘಕ್ಕೆ ಅಧಿಕಾರ ಎಲ್ಲ ಬೇಕು. ಭದ್ರಾ ಮೇಲ್ದಂಡೆಯನ್ನು ಹನಿ ನೀರಾವರಿಗೆಂದೇ ಯೋಜಿಸಿದ್ದಾರೆ. ಆದರೆ ಹನಿಕೊಳವೆಗೂ ನೀರನ್ನು ಯಾವುದೋ ಕಾಲುವೆಯೇ ತಂದು ಮುಟ್ಟಿಸಬೇಕು. ಇಲ್ಲವಾದರೆ ಉಳಿಯುವ ದಾರಿ ಸಾವಿರ ಅಡಿಯ ಕೊಳವೆಬಾವಿ. ಅದು ಮಕ್ಕಳ ಪಾಲಿನ ನೀರನ್ನು ಇಂದೇ ಎತ್ತುವ ದಾರಿ.

ಬೆಳೆಗಾರರು: ಹಾಗಾದರೆ ತಲೆಭಾಗ ಕಾಯುವ ಕೆಲಸ ನಮ್ಮದು, ಫಲ ಕೆಳಗಿನವರದು. ಅದಕ್ಕೆ ಬೆಲೆ ಕೊಡುವವರು ಯಾರು? ಬಯಲಿನ ರೈತ ಕೇಳುತ್ತಾನೆ: ಕಾಫಿ ಬೆಳೆಗಾರ ನನಗಿಂತ ಉಳ್ಳವನು, ಅವನಿಗೆ ನಾನೇಕೆ ಕೊಡಲಿ? ಅವನ ತೋಟ ಕಾಡೂ ಅಲ್ಲ ಎನ್ನುತ್ತಾನೆ.

ಮೇಷ್ಟ್ರು: ಅವನು ಹೇಳುವುದರಲ್ಲಿ ತೂಕವಿದೆ, ಗೌಡರೇ. ತೋಟ ಕಾಡಲ್ಲ. ಅತ್ತಿ, ಬಸರಿ, ಹಲಸು, ನಂದಿ ಕಡಿದು ಸಿಲ್ವರ್ ಓಕ್ ಸಾಲು ಮಾತ್ರ ನಿಲ್ಲಿಸಿದ ತೋಟವಂತೂ ಇನ್ನೂ ದೂರ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿನ ನೀರನ್ನು ಗುಂಡಿಯಲ್ಲಿ ಇಂಗಿಸದೆ ಹಳ್ಳಕ್ಕೆ ಬಿಟ್ಟರೆ ಅದು ಕೆಳಗಿನವರ ಕುಡಿಯುವ ನೀರಿಗೇ ಸೇರುತ್ತದೆ. ಹೊಳೆ ಬಡವಾಗಿರುವ ಮಾರ್ಚಿನಲ್ಲೇ ಎಲ್ಲ ತೋಟಗಳೂ ಹಳ್ಳಕ್ಕೆ ಪಂಪ್ ಇಟ್ಟರೆ ಕಾಲುವೆಯ ತಲೆಗೇ ತೂಬು ಮುಚ್ಚಿದಂತೆ. ಆದ್ದರಿಂದ ಬೆಲೆ ಕೊಡಬೇಕಾದದ್ದು ಬೆಳೆಗಾರನೆಂಬ ಹೆಸರಿಗಲ್ಲ, ಮಾಡಿದ ಕೆಲಸಕ್ಕೆ: ಉಳಿಸಿದ ಕಾಡುಮರಕ್ಕೆ, ಬೇಸಿಗೆಯ ಪಂಪಿನ ಬದಲು ಮಳೆಗಾಲದಲ್ಲೇ ತುಂಬಿಟ್ಟ ಕೆರೆಗೆ, ಮುಚ್ಚದೆ ಬಿಟ್ಟ ಹಡ್ಲಿಗೆ, ಹಳ್ಳ ಸೇರದ ಪಲ್ಪರ್ ನೀರಿಗೆ. ಉಳ್ಳವನು ಎಂಬ ಮಾತಿಗೂ ಉತ್ತರವಿದೆ. ಇಲ್ಲಿನ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಸಣ್ಣವು. ದರ ಬಿದ್ದ ವರ್ಷ ಮರ ಮಾರಿ ಸಾಲ ತೀರಿಸುವ ಅನಿವಾರ್ಯತೆ ಬರುವುದು ಅಂಥವರಿಗೇ.

ಇದು ಕನಸಿನ ಮಾತಲ್ಲ. ಬರದಲ್ಲಿ ಹಡಗು ನಿಂತ ಅದೇ ಪನಾಮಾದಲ್ಲಿ ಕಾಲುವೆಯ ಆಡಳಿತವೇ ತನ್ನ ಜಲಾನಯನದ ಸಣ್ಣ ರೈತರಿಗೆ ಬೋಳು ನೆಲದಲ್ಲಿ ಮರ ನೆಡಲು, ನೆರಳಿನ ಕಾಫಿ ಬೆಳೆಸಲು ನೆರವು ಕೊಟ್ಟಿದೆ. ಹಡಗಿನ ಕಾಲುವೆಗೆ ಕಾಫಿ ತೋಟ ಏಕೆ ಬೇಕು ಎಂದರೆ, ಹಸು ಮೇಯಿಸಿ ಬೋಳಾದ ಗುಡ್ಡಕ್ಕಿಂತ ನೆರಳಿನ ಕಾಫಿಯ ಗುಡ್ಡ ನೀರನ್ನೂ ಮಣ್ಣನ್ನೂ ಚೆನ್ನಾಗಿ ಹಿಡಿಯುತ್ತದೆ ಎನ್ನುವ ಶುದ್ಧ ಲೆಕ್ಕಾಚಾರ. ನ್ಯೂಯಾರ್ಕ್ ನಗರ 1997ರಲ್ಲಿ ತನಗೆ ನೀರು ಕೊಡುವ ಬೆಟ್ಟಗಳ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡದ್ದೂ ಇದೇ ಲೆಕ್ಕದಿಂದ. ನೀರು ಶುದ್ಧಮಾಡುವ ಭಾರಿ ಘಟಕ ಕಟ್ಟುವುದಕ್ಕಿಂತ ಬೆಟ್ಟ ಕಾಯುವುದು ಅಗ್ಗವಾಗಿತ್ತು. ನಮ್ಮಲ್ಲೂ 2024ರಲ್ಲಿ ಪಶ್ಚಿಮ ಘಟ್ಟದ ಹೊಳೆಗಳ ನೀರು ಬಳಸುವ ಊರುಗಳ ನೀರಿನ ಬಿಲ್ಲಿನ ಮೇಲೆ ಹಸಿರು ಸೆಸ್ ಹಾಕುವ ಪ್ರಸ್ತಾಪ ಸರ್ಕಾರದೊಳಗೇ ಬಂದಿತ್ತು. ಬಯಲಿನ ಬಡ ರೈತನ ಕೈಯಿಂದ ಕಿತ್ತುಕೊಳ್ಳುವುದು ಬೇಡ. ನಗರಗಳು, ಕಾರ್ಖಾನೆಗಳು ಕೊಡಲಿ. ಕಾಲುವೆಗೆ ಸಾವಿರಾರು ಕೋಟಿ ಸುರಿಯುವ ಬಜೆಟ್ಟಿನಲ್ಲಿ ಒಂದು ಸಣ್ಣ ಪಾಲು ತಲೆಭಾಗಕ್ಕೆ ಮೀಸಲಾಗಲಿ. ಕಾಲುವೆಯ ದುರಸ್ತಿ ಎಂದರೆ ತೂಬಿನಿಂದ ಕೆಳಗೆ ಮಾತ್ರ ಎನ್ನುವ ಹಳೆಯ ರೂಢಿ ಮೊದಲು ಬದಲಾಗಬೇಕು.

ಬೆಳೆಗಾರರು: ರೂಢಿ ಬದಲಾಗಬೇಕೆಂದರೆ ಮಾತು ನಡೆಯುವ ಕಡೆ ನಾವಿರಬೇಕು. ಭದ್ರಾ ಜಲಾಶಯದ ನೀರು ಯಾವಾಗ ಬಿಡಬೇಕೆಂದು ನೀರಾವರಿ ಸಲಹಾ ಸಮಿತಿ ಸಭೆ ಸೇರುವಾಗ 186 ಅಡಿಯಲ್ಲಿ ಎಷ್ಟು ಅಡಿ ತುಂಬಿದೆ ಎನ್ನುವುದೇ ಮೊದಲ ಮಾತು. ಎಡದಂಡೆಯವರು, ಬಲದಂಡೆಯವರು, ಕೊನೆಭಾಗದವರು ತಮ್ಮ ತಮ್ಮ ಅಳಲು ಹೇಳಿಕೊಳ್ಳುತ್ತಾರೆ. ಆ ಅಡಿಗಳೆಲ್ಲ ಯಾವ ಗುಡ್ಡದಿಂದ ಇಳಿದವು, ಆ ಗುಡ್ಡ ಹೇಗಿದೆ ಎಂದು ಅಲ್ಲಿ ಕೇಳುವವರಿಲ್ಲ.

ಮೇಷ್ಟ್ರು: ಕೇಳುವವರು ಕಳಸದಿಂದ, ಮೂಡಿಗೆರೆಯಿಂದಲೇ ಹೋಗಬೇಕು. ನಮ್ಮ ಹಳ್ಳಗಳು ಬೇಸಿಗೆಯಲ್ಲಿ ಎಷ್ಟು ಹರಿದವು, ಮಳೆಗಾಲದಲ್ಲಿ ಎಷ್ಟು ಕೆಂಪಾದವು ಎಂಬ ಲೆಕ್ಕವನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ತೋಟದ ಮಳೆಯನ್ನು ದಿನದಿನವೂ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿ ಇಲ್ಲಿನ ಬೆಳೆಗಾರರಲ್ಲಿ ತಲೆಮಾರುಗಳಿಂದ ಇದೆ. ಆ ಪುಸ್ತಕದಲ್ಲಿ ಹಳ್ಳದ ನೀರಿಗೂ ಒಂದು ಅಂಕಣ ಎಳೆಯಿರಿ. ಮಲೇಬೆನ್ನೂರಿನ ಕೊನೆಯ ಗದ್ದೆಯವನಿಗೆ ತನ್ನ ಕಾಲುವೆ ಎಲ್ಲಿಂದ ಶುರುವಾಗುತ್ತದೆ ಎಂದು ತೋರಿಸಲು ಆ ಅಂಕಣವೇ ಸಾಕ್ಷಿ.